ನಡುಗಡ್ಡೆ ಹುಟ್ಟುವ ಬಗೆ, ಕಲ್ಲು ಮಣ್ಣಾಗುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಶಾಲೆಗಳಿಗೆ ಕಲ್ಲು-ಮಣ್ಣಿನ ಬಗ್ಗೆ ಮಾತನಾಡಲು ಹೋದಾಗ ಎದುರಾದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು, ಕೆಲವು ಚಹಾ ಅಂಗಡಿ ಮುಂದೆ ನಿಂತಾಗ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸಮುದ್ರವೇ ಇಲ್ಲದ ನಮ್ಮ ಸೀಮೆಗೆ ಜ್ವಾಲಾಮುಖಿ ನಡುಗಡ್ಡೆಯ ಉಸಾಬರಿ ಯಾಕೆ ಅನ್ನಿಸಿದವರು ನೇರ ಕೊನೆಯ ಎರಡು ಪ್ರಶ್ನೆಗಳಿಗೆ ಹೋಗಬಹುದು. ಗದಗಿನ ಕಲ್ಲಿನ ಕತೆ ಅಲ್ಲಿದೆ.

## ಮೊದಲ ಮೆಟ್ಟಿಲು

ಸಮುದ್ರದಾಗ ಅಷ್ಟ್ ನೀರು ಇರತೈತಿ, ಆ ಬೆಂಕಿ ಆರೂದಿಲ್ಲೇನ್ರಿ ಸರ?

ಅದು ಬೆಂಕಿಯೇ ಅಲ್ಲ, ಹಾಗಾಗಿ ಆರುವ ಮಾತೂ ಇಲ್ಲ. ಲಾವಾ ಅಂದರೆ ಕರಗಿದ ಕಲ್ಲು. ಅಲ್ಲಿ ಏನೂ ಉರಿಯುತ್ತಿಲ್ಲ. ಬಸಾಲ್ಟ್ ಎಂಬ ಕರಿಗಲ್ಲಿನ ಲಾವಾ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ನೀರು ತಾಗಿದ ಕೂಡಲೇ ಅದರ ಮೈ ಗಾಜಿನಂಥ ಸಿಪ್ಪೆಯಾಗಿ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಪಾಕವೇ. ಹಿಂದಿನಿಂದ ಇನ್ನಷ್ಟು ಲಾವಾ ನೂಕಿ ಬಂದಾಗ ಸಿಪ್ಪೆ ಒಡೆಯುತ್ತದೆ, ಒಂದು ಉಂಡೆ ಹೊರಗೆ ಉಬ್ಬುತ್ತದೆ, ಅದೂ ಗಟ್ಟಿಯಾಗುತ್ತದೆ. ಹೀಗೇ ನಡೆದು ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ರಾಶಿ ಬೀಳುತ್ತದೆ. ಇದಕ್ಕೆ ದಿಂಬು ಲಾವಾ ಎಂದೇ ಹೆಸರು. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಳದಲ್ಲಿ ಇದೆಲ್ಲ ಸದ್ದಿಲ್ಲದೆ ನಡೆಯುತ್ತದೆ. ಮೇಲಿನ ನೀರಿನ ಭಾರಕ್ಕೆ ಉಗಿ ಹಿಗ್ಗಲು ಆಗುವುದಿಲ್ಲ. ಜ್ವಾಲಾಮುಖಿಯ ತುದಿ ಮೇಲ್ಮೈಗೆ ಹತ್ತಿರ ಬಂದಾಗ ಆಟವೇ ಬೇರೆ. ನೀರು ಒಮ್ಮೆಲೇ ಉಗಿಯಾಗಿ ಸಿಡಿಯುತ್ತದೆ, ಲಾವಾ ಪುಡಿಪುಡಿಯಾಗಿ ಬೂದಿಯಂತೆ ಎದ್ದು ಬೀಳುತ್ತದೆ.

ನಡುಗಡ್ಡೆ ನೀರಿನ ಮ್ಯಾಲೆ ತೇಲತಿರತೈತೇನು?

ಇಲ್ಲ. ಅದು ಸಮುದ್ರದ ತಳದಿಂದ ಎದ್ದ ಬೆಟ್ಟದ ನೆತ್ತಿ. ಹವಾಯಿಯ ಮೌನಾ ಕೇಯಾ ನೀರಿನ ಮೇಲೆ ಕಾಣುವುದು 4,207 ಮೀಟರ್. ಸಮುದ್ರದ ತಳದಿಂದ ಅಳೆದರೆ 9,000 ಮೀಟರ್ ದಾಟುತ್ತದೆ, ಎವರೆಸ್ಟ್‌ಗಿಂತ ಎತ್ತರ.

ಭೂಮಿ ಒಳಗೆ ಪೂರ್ತಿ ಲಾವಾ ತುಂಬಿಕೊಂಡಿದೆ ಅಂತಾರಲ್ಲ, ಹೌದಾ?

ಶಾಲೆಯ ಚಿತ್ರಗಳಲ್ಲಿ ಒಳಭಾಗಕ್ಕೆ ಕೆಂಪು ಬಣ್ಣ ಬಳಿದು ಬಳಿದು ಎಲ್ಲರ ತಲೆಯಲ್ಲೂ ಇದೇ ಕೂತಿದೆ. ನಮ್ಮ ಕಾಲ ಕೆಳಗಿನ ಮ್ಯಾಂಟಲ್ ಪದರ ತುಂಬಾ ಬಿಸಿ, ಆದರೆ ಬಹುಪಾಲು ಗಟ್ಟಿ ಕಲ್ಲೇ. ಮೇಲಿನ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ. ಕುಕ್ಕರ್ ನೆನೆಸಿಕೊಳ್ಳಿ. ಒಳಗಿನ ನೀರು 100 ಡಿಗ್ರಿ ದಾಟಿದರೂ ಒತ್ತಡಕ್ಕೆ ಸಿಕ್ಕಿ ನೀರಾಗಿಯೇ ಇರುತ್ತದೆ. ಒತ್ತಡ ಇಳಿದರೆ ಭುಸ್ಸೆಂದು ಉಗಿಯಾಗುತ್ತದೆ. ಹಾಗೇ ಬಿಸಿ ಕಲ್ಲು ಮೇಲೆ ಏರಿ ಒತ್ತಡ ಕಡಿಮೆಯಾದಾಗ ಅದರ ಸ್ವಲ್ಪ ಭಾಗ ಕರಗುತ್ತದೆ.

ಸಮುದ್ರದಲ್ಲಿ ಹೀಗೆ ಕಲ್ಲು ಕರಗುವ ಜಾಗ ಮೂರು ಬಗೆಯವು. ಭೂಮಿಯ ಹೊರಚಿಪ್ಪಿನ ದೊಡ್ಡ ದೊಡ್ಡ ತುಂಡುಗಳು, ಅಂದರೆ ಫಲಕಗಳು, ಒಂದರಿಂದೊಂದು ದೂರ ಸರಿಯುವ ಕಡೆ ಒಂದು. ಐಸ್‌ಲ್ಯಾಂಡ್ ಅಂಥ ಕಡೆ ಇದೆ. ಫಲಕದ ಒಳಗೇ, ಆಳದಿಂದ ಬಿಸಿ ಕಲ್ಲು ಕಂಬದಂತೆ ಏರುವ ಬಿಸಿತಾಣ ಇನ್ನೊಂದು. ಹವಾಯಿ ಅದರದು. ಮೂರನೆಯದು ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ. ಇಲ್ಲಿ ಒತ್ತಡ ಇಳಿಯುವುದಕ್ಕಿಂತ ನೀರಿನ ಕೈವಾಡ ಜಾಸ್ತಿ. ಕೆಳಗಿಳಿದ ಫಲಕ ತನ್ನೊಳಗಿನ ನೀರನ್ನು ಬಿಡುತ್ತದೆ, ನೀರು ಸೇರಿದ ಕಲ್ಲು ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಇಂಡೋನೇಷ್ಯಾ, ಅಂಡಮಾನ್ ಕಡೆಯ ಜ್ವಾಲಾಮುಖಿಗಳು ಈ ಬಗೆಯವು.

ಒಂದು ನಡುಗಡ್ಡೆ ಹುಟ್ಟಕ ಎಷ್ಟ್ ವರ್ಷ ಬೇಕು?

ಒಂದು ರಾತ್ರಿಯೂ ಸಾಕು, ಲಕ್ಷಾಂತರ ವರ್ಷವೂ ಬೇಕಾಗಬಹುದು. ಸಮುದ್ರ ಎಷ್ಟು ಆಳ ಎನ್ನುವುದರ ಮೇಲೆ ಹೋಗುತ್ತದೆ.

1963ರ ನವೆಂಬರ್ 14ರ ಬೆಳಿಗ್ಗೆ ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಮೀನುಗಾರರ ಹಡಗೊಂದರಲ್ಲಿದ್ದವರು ಕಡಲಿನಿಂದ ಹೊಗೆ ಏಳುವುದನ್ನು ಕಂಡರು. ಯಾವುದೋ ದೋಣಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಹತ್ತಿರ ಹೋದರೆ ಅದು ಜ್ವಾಲಾಮುಖಿ. ಮರುದಿನ ಅಲ್ಲಿ ನಡುಗಡ್ಡೆ ಇತ್ತು. ಅದೇ ಸರ್ಟ್ಸಿ. ಅಲ್ಲಿ ಸಮುದ್ರದ ಆಳ ಬರೀ 130 ಮೀಟರ್. ಹವಾಯಿಯ ಸುತ್ತ 5 ಕಿಲೋಮೀಟರ್‌ವರೆಗೂ ಆಳ ಇದೆ. ಅಲ್ಲಿ ಕಾಮಾಎಹುವಾಕನಲೋವಾ ಎಂಬ ಹೊಸ ಬೆಟ್ಟ ಬೆಳೆಯುತ್ತಿದೆ. ಅದರ ನೆತ್ತಿ ಇನ್ನೂ ಸುಮಾರು 975 ಮೀಟರ್ ನೀರಿನ ಕೆಳಗಿದೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನು ನೀರಿನ ಮೇಲೆ ನೋಡಲಾರರು.

ನಮ್ಮ ದೇಶದಲ್ಲಿ ಇಂಥದ್ದು ಇದೆಯಾ? ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ಅದೇನಾ?

ಈಗಲೂ ಲಾವಾ ಉಗುಳುವುದು ಒಂದೇ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್. 1787ರಲ್ಲಿ ಅದು ಉಗುಳಿದ ದಾಖಲೆ ಇದೆ. ನೂರೈವತ್ತಕ್ಕೂ ಹೆಚ್ಚು ವರ್ಷ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಅದರ ಉತ್ತರಕ್ಕಿರುವ ನಾರ್ಕೊಂಡಮ್ ಮಲಗಿದೆ.

ಸೇಂಟ್ ಮೇರಿಸ್ ಕಲ್ಲು ಲಾವಾನೇ, ಆದರೆ ಅದು ಸಮುದ್ರದ ತಳದಿಂದ ಬೆಳೆದ ಬೆಟ್ಟ ಅಲ್ಲ. ಮಡಗಾಸ್ಕರ್ ಮತ್ತು ಭಾರತ ಬೇರೆಯಾದ ಕಾಲದಲ್ಲಿ, ಸುಮಾರು 9 ಕೋಟಿ ವರ್ಷದ ಹಿಂದೆ, ಹರಿದ ಲಾವಾದ ಉಳಿದ ತುಣುಕು. ಅಲ್ಲಿನ ಕಂಬಗಳನ್ನು ಯಾರೂ ಕೆತ್ತಿಲ್ಲ. ಬೇಸಿಗೆಯಲ್ಲಿ ನವಲಗುಂದದ ಎರಿ ಹೊಲ ಒಣಗಿ ಬಾಯಿ ಬಿಡುತ್ತದಲ್ಲ, ತತ್ವ ಅದೇ. ಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಬಿಸಿ ಕಳೆದುಕೊಂಡು ಕುಗ್ಗುತ್ತದೆ. ಎರಡೂ ಐದಾರು ಮೂಲೆಯ ಚೌಕಳಿಯಾಗಿ ಬಿರಿಯುತ್ತವೆ.

## ಕಲ್ಲಿನಿಂದ ಮಣ್ಣಿಗೆ

ಕಲ್ಲಿಗೆ ಮುಪ್ಪು ಬರೂದು ಅಂದ್ರ ಏನ್ರಿ? ಬಿಸಿಲು ಮಳಿಗೆ ಸವಿಯೂದಾ?

ಎರಡು ಬೇರೆ ಕೆಲಸಗಳನ್ನು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕಲ್ಲು ಇದ್ದ ಜಾಗದಲ್ಲೇ ಕೊಳೆತು ಸಡಿಲಾಗುವುದು ಒಂದು. ಪುಸ್ತಕದಲ್ಲಿ ಇದನ್ನು ಶಿಥಿಲೀಕರಣ ಅನ್ನುತ್ತಾರೆ. ಸಡಿಲಾದದ್ದನ್ನು ನೀರು, ಗಾಳಿ, ಅಲೆ ಹೊತ್ತುಕೊಂಡು ಹೋಗುವುದು ಸವೆತ. ಬಾವಿ ತೋಡಿದವರಿಗೆ ಮೊದಲನೆಯದು ಚೆನ್ನಾಗಿ ಗೊತ್ತು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಗುದ್ದಲಿಗೆ ಜಗ್ಗದ ಬಂಡೆ. ಗರಸು ಅಂದರೆ ಅರ್ಧ ದಾರಿಯಲ್ಲಿರುವ ಕಲ್ಲು.

ಕೆಲಸ ಮಾಡುವುದು ಮುಖ್ಯವಾಗಿ ಮಳೆನೀರು. ಗಾಳಿಯಲ್ಲಿರುವ, ಬೇರುಗಳು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ತೀರಾ ಸಪ್ಪೆ ಆಮ್ಲವಾಗುತ್ತದೆ, ಸೋಡಾ ನೀರಿನ ತಮ್ಮನ ಹಾಗೆ. ಅದು ಬಸಾಲ್ಟ್‌ನಿಂದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಬಿಡಿಸಿಕೊಂಡು ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಮತ್ತು ಜೇಡಿ ಉಳಿಯುತ್ತವೆ. ಲಾವಾದ ಗಾಜು ಮೊದಲು ಸೋಲುತ್ತದೆ. ಆಲಿವಿನ್ ಎಂಬ ಹಸಿರು ಖನಿಜ ಅದರ ಬೆನ್ನಿಗೇ. ಇವು ಭೂಮಿಯ ಆಳದ ಬಿಸಿಯಲ್ಲಿ ಹುಟ್ಟಿದವು, ಹೊರಗಿನ ತಂಪು, ನೀರು ಇವುಗಳಿಗೆ ಒಗ್ಗುವುದಿಲ್ಲ. ಗ್ರಾನೈಟ್‌ನಲ್ಲಿರುವ ಸ್ಫಟಿಕದಂಥ ಕ್ವಾರ್ಟ್ಜ್ ಜಗಮೊಂಡ, ಬೇಗ ಜಗ್ಗುವುದಿಲ್ಲ. ಬಸಾಲ್ಟ್‌ನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಹಾಗಾಗಿ ಲಾವಾ ನಡುಗಡ್ಡೆ ಬೇಗ ಮಾಗುತ್ತದೆ.

ಲಾವಾ ಕರ್ರಗ ಇರತೈತಿ, ಹವಾಯಿ ಫೋಟೋದಾಗ ಮಣ್ಣು ಕೆಂಪಗ ಐತಲ್ಲ?

ತುಕ್ಕು. ಬಸಾಲ್ಟ್‌ನಲ್ಲಿ ಕಬ್ಬಿಣ ತುಂಬಾ ಇದೆ. ನೀರು-ಗಾಳಿ ಸೇರಿದರೆ ಅದು ನಿಮ್ಮ ಮನೆಯ ಹಳೇ ಗೇಟಿನ ಬಣ್ಣಕ್ಕೆ ಬರುತ್ತದೆ. ಇದೇ ಇನ್ನೂ ಮುಂದೆ ಹೋದರೆ ಜಂಬಿಟ್ಟಿಗೆ ಕಲ್ಲು. ಬೆಳಗಾವಿ ಕಡೆ ಬಸಾಲ್ಟ್ ಹೀಗೆ ತೊಳೆದು ತೊಳೆದು ಅಲ್ಯೂಮಿನಿಯಂ ಉಳಿದ ಜಾಗದಲ್ಲೇ ಬಾಕ್ಸೈಟ್ ಸಿಗುವುದು.

ರಸ್ತೆ ಕಡಿದಲ್ಲಿ ಗುಂಡುಗುಂಡು ಕಲ್ಲು ನೋಡಿದೆ, ಉಳ್ಳಾಗಡ್ಡಿ ಹಂಗ ಸಿಪ್ಪೆ ಬಿಡತಿತ್ತು. ಯಾರು ಮಾಡಿದ್ದು?

ನೀರೇ. ಕಲ್ಲಿನಲ್ಲಿ ಮೊದಲೇ ಬಿರುಕುಗಳಿದ್ದು ಅದು ಚೌಕ ಗಡ್ಡೆಗಳಾಗಿ ಒಡೆದಿರುತ್ತದೆ. ಬಿರುಕಿನಲ್ಲಿ ಇಳಿದ ನೀರು ಗಡ್ಡೆಯ ಮುಖವನ್ನು ಒಂದು ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಮೂಲೆ ಮೊದಲು ಹೋಗುತ್ತದೆ, ಗಡ್ಡೆ ಗುಂಡಗಾಗುತ್ತದೆ. ಕೊಳೆತ ಪದರ ಸ್ವಲ್ಪ ಉಬ್ಬಿ ಸಿಪ್ಪೆಯಾಗಿ ಕಳಚುತ್ತದೆ. ಒಳಗೆ ಮುಷ್ಟಿ ಗಾತ್ರದ ಗಟ್ಟಿ ತಿರುಳು ಉಳಿದಿರುತ್ತದೆ. ಗದಗಿನವರಿಗೆ ಉಳ್ಳಾಗಡ್ಡಿ ಸಿಪ್ಪೆ ನೆನಪಾಗುವುದು ಸಹಜ ಬಿಡಿ. ವಿಜ್ಞಾನಿಗಳೂ ಅದೇ ಹೋಲಿಕೆ ಕೊಡುತ್ತಾರೆ.

ಹೊಸ ಲಾವಾ ಮೇಲೆ ಬಿತ್ತನೆ ಮಾಡಬೇಕಂದ್ರೆ ಎಷ್ಟು ವರ್ಷ ಕಾಯಬೇಕು?

ಮಳೆ ಎಷ್ಟು, ಬಿದ್ದದ್ದು ಬೂದಿಯೋ ಹಾಸುಗಲ್ಲೋ, ಎರಡು ನೋಡಬೇಕು. ಬೂದಿ ಮೊದಲೇ ಹಿಟ್ಟಿನಂತಿರುವುದರಿಂದ ಕೆಲವೇ ದಶಕಗಳಲ್ಲಿ ಹಸಿರಾಗಬಹುದು. ಹಾಸು ಲಾವಾಗೆ ಶತಮಾನಗಳು ಬೇಕು. ಹವಾಯಿಯ ದೊಡ್ಡ ದ್ವೀಪದ ಪೂರ್ವದಲ್ಲಿ ಹಿಲೋ ಊರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಲ್ಲಿ ಲಾವಾ ಬಿರುಕಿನಲ್ಲಿ ಕೆಲವೇ ವರ್ಷಕ್ಕೆ ಜರಿಗಿಡ, ಆಮೇಲೆ ಓಹಿಯಾ ಮರ ಬರುತ್ತದೆ. ಪಶ್ಚಿಮದ ಒಣ ಕೋನಾ ಕಡೆ 1801ರಲ್ಲಿ ಹರಿದ ಲಾವಾ ಇವತ್ತಿಗೂ ಹೆಚ್ಚೂಕಡಿಮೆ ಬೋಳಾಗಿದೆ.

ಇನ್ನೊಂದು ಕೊರತೆ ರೈತರಿಗೆ ತಕ್ಷಣ ಅರ್ಥವಾಗುತ್ತದೆ. ಲಾವಾ ಕಲ್ಲಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಷ್, ರಂಜಕ ಎಲ್ಲ ಇದೆ, ಸಾರಜನಕ ಮಾತ್ರ ಇಲ್ಲ. ಅದು ಗಾಳಿಯಿಂದಲೇ ಬರಬೇಕು. ಅದನ್ನು ಹಿಡಿದುಕೊಡುವ ಸೂಕ್ಷ್ಮಜೀವಿ, ಕಲ್ಲುಹೂವು ಮೊದಲು ನೆಲೆಯಾಗಬೇಕು.

ಹಳೇದಾದಷ್ಟೂ ಮಣ್ಣು ಫಲವತ್ತಾಗುತ್ತಾ ಹೋಗುತ್ತದಾ?

ಇಲ್ಲ, ಮತ್ತು ಇದನ್ನು ಹವಾಯಿಗಿಂತ ಚೆನ್ನಾಗಿ ತೋರಿಸುವ ಜಾಗ ಇಲ್ಲ. ಅಲ್ಲಿ ಒಂದೇ ಜಾತಿಯ ಕಲ್ಲು, ಹತ್ತಿರಹತ್ತಿರ ಒಂದೇ ಮಳೆ, ವಯಸ್ಸು ಮಾತ್ರ ಬೇರೆ ಇರುವ ಜಾಗಗಳನ್ನು ಹುಡುಕಿ ವಿಜ್ಞಾನಿಗಳು ಮಣ್ಣನ್ನು ಹೋಲಿಸಿದ್ದಾರೆ. 300 ವರ್ಷದ ಮಣ್ಣಿನಿಂದ 41 ಲಕ್ಷ ವರ್ಷದ ಮಣ್ಣಿನವರೆಗೆ. ಎಳೆ ಮಣ್ಣಿನಲ್ಲಿ ಮರಗಳು ಸಾರಜನಕ ಇಲ್ಲದೆ ಸೊರಗುತ್ತವೆ. ನಡುವಯಸ್ಸಿನ ಮಣ್ಣು ಚೆನ್ನ. ತೀರಾ ಹಳೇ ಮಣ್ಣಿನಲ್ಲಿ ರಂಜಕ ತೊಳೆದುಹೋಗಿ, ಉಳಿದದ್ದು ಕಬ್ಬಿಣ-ಅಲ್ಯೂಮಿನಿಯಂ ಜೊತೆ ಗಂಟು ಬಿದ್ದಿರುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸೋಜಿಗದ ಸಂಗತಿ ಹೇಳಿತು. ಕವಾಯಿ ದ್ವೀಪದ ಮುದಿ ಮಣ್ಣಿಗೆ ಸಿಗುವ ರಂಜಕ ಬಹುಪಾಲು ಏಷ್ಯಾ ಖಂಡದಿಂದ ಗಾಳಿಯಲ್ಲಿ ಹಾರಿಬಂದ ಧೂಳಿನದಂತೆ. ಸಾವಿರಾರು ಕಿಲೋಮೀಟರ್ ಆಚೆಯಿಂದ ಪುಕ್ಕಟೆ ಗೊಬ್ಬರ!

ಹಂಗಾರ ನಮ್ಮ ಎರಿ ಹೊಲ ಜ್ವಾಲಾಮುಖಿದ್ದ ಹೌದಲ್ಲೋ? ಸಾಲ್ಯಾಗ ಹಂಗ ಕಲತೀವಿ.

ಅರ್ಧ ನಿಜ. ವಿಜಯಪುರ, ಬೀದರ್, ಬೆಳಗಾವಿಯ ಉತ್ತರ ಭಾಗದ ಎರಿ ಭೂಮಿ ದಖನ್ ಲಾವಾ, ಅಂದರೆ ಕೋಟ್ಯಂತರ ವರ್ಷದ ಹಿಂದೆ ಮಹಾರಾಷ್ಟ್ರದಿಂದ ಅಲ್ಲಿಯವರೆಗೆ ಹರಡಿದ ಲಾವಾ, ಕೊಳೆತು ಆದದ್ದು. ಆದರೆ ಆ ಲಾವಾ ಹಾಸು ನವಲಗುಂದ, ಅಣ್ಣಿಗೇರಿ, ರೋಣದವರೆಗೆ ಬಂದಿಲ್ಲ. ಇಲ್ಲಿ ಕೆಳಗಿರುವುದು ಅದಕ್ಕಿಂತ ಎಷ್ಟೋ ಪಟ್ಟು ಹಳೆಯ, ಬಿಸಿ-ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ನೈಸ್ ಮತ್ತು ಧಾರವಾಡ ಶಿಸ್ಟ್ ಕಲ್ಲುಗಳು.

ಎರಿ ಮಣ್ಣಾಗಲು ಲಾವಾನೇ ಬೇಕೆಂದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಕಲ್ಲು, ಕಡಿಮೆ ಮಳೆ, ನೀರು ಬೇಗ ಹರಿದುಹೋಗದ ಸಪಾಟು ನೆಲ, ಇಷ್ಟು ಸೇರಿದರೆ ಸ್ಮೆಕ್ಟೈಟ್ ಎಂಬ ಜೇಡಿ ಹುಟ್ಟುತ್ತದೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವುದು ಅದೇ. ಮಳೆಯಲ್ಲಿ ಚಪ್ಪಲಿಗೆ ಎರಡು ಕೆಜಿ ಅಂಟುವುದೂ ಅದೇ! ಮಳೆ ಜಾಸ್ತಿ ಇರುವ ಅಳ್ನಾವರ, ಕಲಘಟಗಿ ಕಡೆ ಆ ಕ್ಯಾಲ್ಸಿಯಂ, ಮೆಗ್ನೀಷಿಯಂ ತೊಳೆದು ಹೋಗುತ್ತವೆ, ಮಣ್ಣು ಕೆಂಪಾಗುತ್ತದೆ. ಕಲ್ಲಿನಷ್ಟೇ ಮಳೆಯೂ ಮಣ್ಣಿನ ಜಾತಿ ತೀರ್ಮಾನಿಸುತ್ತದೆ ಅನ್ನುವುದು ಇದಕ್ಕೇ.

ನಡುಗಡ್ಡೆಗಳಲ್ಲೂ ಹೀಗೇ. ಹವಾಯಿಯ ಒವಾಹು ದ್ವೀಪದ ಮಳೆ ಬೀಳುವ ಎತ್ತರಗಳಲ್ಲಿ ಕೆಂಪು ಮಣ್ಣು. ಪಶ್ಚಿಮದ ಒಣ ಲುವಾಲುವಾಲೈ ಕಣಿವೆಯಲ್ಲಿ ನಮ್ಮ ಎರಿಯ ಹಾಗೇ ಬಾಯಿ ಬಿಡುವ ಕಪ್ಪು ಜೇಡಿ. ಒಂದೇ ಲಾವಾ, ನಡುವೆ ಕೆಲವೇ ಕಿಲೋಮೀಟರ್ ಅಂತರ.

## ಇನ್ನೂ ಆಳಕ್ಕೆ ಇಳಿದವರಿಗೆ

ಹವಾಯಿ ದ್ವೀಪಗಳು ಒಂದೇ ಸಾಲಿನಲ್ಲಿ ಯಾಕಿವೆ?

ಊದಿನಕಡ್ಡಿಯ ತುದಿಯ ಮೇಲೆ ಒಂದು ಹಾಳೆಯನ್ನು ಮೆಲ್ಲಗೆ, ತಡೆತಡೆದು ಎಳೆಯಿರಿ. ಸಾಲಾಗಿ ತೂತು ಬೀಳುತ್ತವೆ. ಕಡ್ಡಿ ಬಿಸಿತಾಣ, ಹಾಳೆ ಪೆಸಿಫಿಕ್ ಫಲಕ. 1963ರಲ್ಲಿ ಕೆನಡಾದ ಭೂವಿಜ್ಞಾನಿ ಜೆ. ಟೂಜೊ ವಿಲ್ಸನ್ ಹೇಳಿದ್ದು ಇದನ್ನೇ. ಫಲಕ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ವಾಯವ್ಯಕ್ಕೆ ಸರಿಯುತ್ತದೆ. ಅದಕ್ಕೇ ಆಗ್ನೇಯ ತುದಿಯ ದೊಡ್ಡ ದ್ವೀಪಕ್ಕೆ ಇನ್ನೂ 10 ಲಕ್ಷ ವರ್ಷ ತುಂಬಿಲ್ಲ, ವಾಯವ್ಯದ ಕವಾಯಿಗೆ ಸುಮಾರು 50 ಲಕ್ಷ. ಅದರಾಚೆಗೂ ಸಾಲು ನೀರಿನಡಿ ಮುಂದುವರಿದು, ಸುಮಾರು 4.7 ಕೋಟಿ ವರ್ಷದ ಹಿಂದಿನ ಜಾಗದಲ್ಲಿ ಮೊಣಕೈಯಂತೆ ಬಾಗಿ ಉತ್ತರಕ್ಕೆ ತಿರುಗುತ್ತದೆ.

ದಖನ್ ಲಾವಾ ಉಕ್ಕಿಸಿದ ಒಲೆ ಈಗ ಆರಿದೆಯಾ?

ಆರಿಲ್ಲ. ಭಾರತ ಅದರ ಮೇಲಿಂದ ಉತ್ತರಕ್ಕೆ ಸರಿದು ಬಂತು, ಅಷ್ಟೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಮಹಾರಾಷ್ಟ್ರದಿಂದ ನಮ್ಮ ವಿಜಯಪುರದವರೆಗೆ ಹರಡಿದ ಲಾವಾದ ಮೂಲ ಇವತ್ತು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂಬುದು ಬಹುಪಾಲು ಭೂವಿಜ್ಞಾನಿಗಳ ಲೆಕ್ಕ. ಅಲ್ಲಿನ ಪಿಟೊನ್ ಡೆ ಲಾ ಫೂರ್ನೇಜ್ ಈಗಲೂ ಪದೇ ಪದೇ ಲಾವಾ ಹರಿಸುತ್ತದೆ. ನಡುವಿನ ಹೆಜ್ಜೆಗುರುತು ಲಕ್ಷದ್ವೀಪ, ಮಾಲ್ಡೀವ್ಸ್, ಆಮೇಲೆ ಮಾರಿಷಸ್. ಮಾರಿಷಸ್‌ನಲ್ಲಿ ಶಿವರಾತ್ರಿಗೆ ಜನ ಕಾವಡಿ ಹೊತ್ತು ಹೋಗುವ ಗಂಗಾ ತಲಾವ್ ಕೂಡ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು.

ಲಕ್ಷದ್ವೀಪದಲ್ಲಿ ಕಪ್ಪು ಕಲ್ಲೇ ಇಲ್ಲವಲ್ಲ, ಬರೀ ಬಿಳಿ ಮರಳು?

ಕಪ್ಪು ಕಲ್ಲು ಕೆಳಗೆ ಮುಳುಗಿದೆ. ಲಾವಾ ನಿಂತ ದಿನದಿಂದ ನಡುಗಡ್ಡೆ ಮೂರು ಕಡೆಯಿಂದ ಸೋಲಲು ಶುರುವಾಗುತ್ತದೆ. ಮೇಲಿನಿಂದ ಮಳೆ, ಬದಿಯಿಂದ ಅಲೆ, ಕೆಳಗಿನಿಂದ ನೆಲವೇ ಕುಸಿಯುತ್ತದೆ. ಬೆಟ್ಟದ ಭಾರಕ್ಕೆ ಸಮುದ್ರದ ತಳ ಬಾಗುತ್ತದೆ. ಬಿಸಿತಾಣದಿಂದ ದೂರ ಸರಿದ ತಳ ತಣ್ಣಗಾಗಿ, ದಟ್ಟವಾಗಿ ಇನ್ನೂ ಇಳಿಯುತ್ತದೆ.

ಬೆಚ್ಚಗಿನ ಕಡಲಾದರೆ ಅಂಚಿನಲ್ಲಿ ಹವಳ ಬೆಳೆಯುತ್ತದೆ. ಹವಳಕ್ಕೆ ಬಿಸಿಲು ಬೇಕು, ಹಾಗಾಗಿ ಬೆಟ್ಟ ಇಳಿದಷ್ಟೂ ಅದು ಮೇಲಕ್ಕೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಬೆಟ್ಟ ಮಾಯ, ನಡುವೆ ಲಗೂನು, ಸುತ್ತ ಹವಳದ ಬಳೆ. ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಹೀಗೆ ಬರೆದ. ನಂಬದವರೂ ಇದ್ದರು. 1952ರಲ್ಲಿ ಪೆಸಿಫಿಕ್‌ನ ಎನೆವೆಟಾಕ್‌ನಲ್ಲಿ ಕೊಳವೆ ಕೊರೆದಾಗ 1,200 ಮೀಟರ್‌ಗೂ ಹೆಚ್ಚು ಸುಣ್ಣದ ಹವಳ ದಾಟಿದ ಮೇಲೆ ಬಸಾಲ್ಟ್ ಸಿಕ್ಕಿತು. ಡಾರ್ವಿನ್ ತೀರಿಕೊಂಡು ಆಗ 70 ವರ್ಷ ಆಗಿತ್ತು.

ಹುಟ್ಟಿದ ನಡುಗಡ್ಡೆ ನಮ್ಮ ಕಣ್ಣೆದುರೇ ಮಾಯ ಆಗಬಹುದಾ?

ಆಗುತ್ತಲೇ ಇರುತ್ತದೆ. ಬರೀ ಬೂದಿಯ ರಾಶಿಯಾದರೆ ಅಲೆ ಕೆಲವೇ ತಿಂಗಳಲ್ಲಿ ತೊಳೆದುಬಿಡುತ್ತದೆ. ಟಾಂಗಾ ದೇಶದಲ್ಲಿ 2015ರ ಆರಂಭದಲ್ಲಿ ಎದ್ದ ಹೊಸ ನೆಲ ಹುಂಗಾ ಟಾಂಗಾ ಮತ್ತು ಹುಂಗಾ ಹಾಪೈ ದ್ವೀಪಗಳನ್ನು ಜೋಡಿಸಿತ್ತು. ಅದು ಅಂದುಕೊಂಡದ್ದಕ್ಕಿಂತ ಹೆಚ್ಚು ಬಾಳಿತು. ಆದರೆ 2022ರ ಜನವರಿ 15ರ ಸ್ಫೋಟದಲ್ಲಿ ಬಹುತೇಕ ಹಾರಿಹೋಯಿತು.

ಸರ್ಟ್ಸಿ ಯಾಕೆ ಉಳಿದಿದೆ ಎನ್ನುವುದು ನನಗೆ ಇಷ್ಟದ ಸಂಗತಿ. 1967ರಲ್ಲಿ ಲಾವಾ ನಿಂತಾಗ ಅದು 2.7 ಚದರ ಕಿಲೋಮೀಟರ್ ಇತ್ತು, ಈಗ ಸುಮಾರು ಅರ್ಧ. ಸಡಿಲ ಬೂದಿ, ಅಂಚಿನ ಲಾವಾ ಅಲೆಗೆ ಹೋಗುತ್ತಿದೆ. ನಡುವಿನ ಭಾಗ ಮಾತ್ರ ಜಗ್ಗುತ್ತಿಲ್ಲ. ಅಲ್ಲಿ ಬಿಸಿನೀರು ಬೂದಿಯ ಗಾಜಿನೊಳಗೆ ಇಳಿದು ಅದನ್ನು ಪ್ಯಾಲಗೊನೈಟ್ ಎಂಬ ಪದಾರ್ಥವಾಗಿ ಬದಲಿಸಿ, ಕಣಕಣ ಅಂಟಿಸಿ, ಸಿಮೆಂಟಿನಂತೆ ಗಟ್ಟಿ ಮಾಡಿದೆ, ಅದೂ ಕೆಲವೇ ವರ್ಷಗಳಲ್ಲಿ. ಕಲ್ಲನ್ನು ಹಾಳು ಮಾಡುವ ನೀರೇ ಇಲ್ಲಿ ನಡುಗಡ್ಡೆಯನ್ನು ಕಾಪಾಡಿದೆ.

ಕಲ್ಲು ಕೊಳೆಯುವುದಕ್ಕೂ ಗಾಳಿಯ ಬಿಸಿಗೂ ಸಂಬಂಧ ಇದೆ ಅಂತಾರೆ, ಹೇಗೆ?

ಮಳೆನೀರು ಇಂಗಾಲದ ಡೈಆಕ್ಸೈಡ್ ಹಿಡಿದು ಬಸಾಲ್ಟ್ ತಿನ್ನುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೊಳೆ ಹಿಡಿದು ಸಮುದ್ರಕ್ಕೆ ಹೋಗಿ ಚಿಪ್ಪು, ಸುಣ್ಣವಾಗಿ ತಳ ಸೇರುತ್ತವೆ. ಜ್ವಾಲಾಮುಖಿ ಬಿಟ್ಟ ಅನಿಲವನ್ನು ಅದರ ಕಲ್ಲೇ ಕಾಲಾಂತರದಲ್ಲಿ ವಾಪಸು ಪಡೆದ ಹಾಗಾಯಿತು. ಈಗ ಕೆಲವು ದೇಶಗಳಲ್ಲಿ ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಹಾಕಿ ಈ ಕೆಲಸ ಬೇಗ ಮಾಡಿಸುವ ಪ್ರಯೋಗ ನಡೆದಿದೆ.

ಗದಗದಾಗ ಸಮುದ್ರದ ಲಾವಾ ಐತಿ ಅಂತ ಯಾರೋ ಹೇಳಿದ್ರು. ಸುಳ್ಳ ಅಲ್ಲೇನ್ರಿ?

ಸುಳ್ಳಲ್ಲ. ಗದಗಿನಿಂದ ಕಪ್ಪತಗುಡ್ಡದ ಕಡೆ ಹೋಗುವ ಶಿಸ್ಟ್ ಪಟ್ಟಿಯಲ್ಲಿ ದಿಂಬು ಲಾವಾ ಸಿಗುತ್ತದೆ. ದಿಂಬು ನೀರಿನೊಳಗೆ ಮಾತ್ರ ಆಗುತ್ತದೆ ಎಂದು ಮೊದಲ ಪ್ರಶ್ನೆಯಲ್ಲಿ ನೋಡಿದೆವಲ್ಲ. ಅಂದಮೇಲೆ ಈ ಲಾವಾ ಹರಿದಾಗ ಇಲ್ಲಿ ನೀರಿತ್ತು. 250 ಕೋಟಿ ವರ್ಷಕ್ಕೂ ಹಿಂದಿನ ಮಾತು ಇದು. ದಖನ್ ಲಾವಾ ಇದರ ಮುಂದೆ ನಿನ್ನೆ ಮೊನ್ನೆಯದು. ಈ ಪಟ್ಟಿ ಹಳೆಯ ಸಮುದ್ರದ ಜ್ವಾಲಾಮುಖಿ ದ್ವೀಪಸಾಲಿನ ಉಳಿಕೆ ಇರಬಹುದು ಎಂದು ಕೆಲವು ಭೂವಿಜ್ಞಾನಿಗಳು ಅದರ ರಾಸಾಯನಿಕ ಗುಣ ನೋಡಿ ಹೇಳುತ್ತಾರೆ.

ಇಂಥ ಕಲ್ಲುಗಳಿಗೆ 'ಧಾರವಾಡ' ಎಂಬ ಹೆಸರಿಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 19ನೇ ಶತಮಾನದ ಕೊನೆಯಲ್ಲಿ. ಇವತ್ತು ಜಗತ್ತಿನ ಯಾವ ಭೂವಿಜ್ಞಾನ ತರಗತಿಯಲ್ಲೂ ಆ ಹೆಸರು ಕೇಳಿಬರುತ್ತದೆ. ನಾವು ಪೇಢೆಗೆ ಹೆಸರುವಾಸಿ ಅಂದುಕೊಂಡು ಕೂತಿದ್ದೇವೆ.

ಕಲ್ಲು ಕಪ್ಪಗಿರದೆ ಹಸಿರು ಛಾಯೆಯಲ್ಲಿರುತ್ತದೆ. ಭೂಮಿಯೊಳಗೆ ಹುದುಗಿ, ಬಿಸಿ ಮತ್ತು ನೀರಿಗೆ ಸಿಕ್ಕಿ, ಲಾವಾದ ಮೂಲ ಖನಿಜಗಳು ಕ್ಲೋರೈಟ್ ಎಂಬ ಹಸಿರು ಖನಿಜದಂಥವಾಗಿ ಬದಲಾಗಿವೆ. ಆ ಕ್ಲೋರೈಟ್ ಮೆತ್ತಗೆ, ಉಳಿಗೆ ಸುಲಭವಾಗಿ ಒಲಿಯುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಅಷ್ಟು ನಾಜೂಕು ಕೆತ್ತನೆ ಸಾಧ್ಯವಾಗಿದ್ದು ಈ ಜಾತಿಯ ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲಿನವರು ಮರಳುಗಲ್ಲಿನಲ್ಲಿ ದೊಡ್ಡದಾಗಿ ಕಡೆದರು, ಲಕ್ಕುಂಡಿಯವರು ಇದರಲ್ಲಿ ಸಣ್ಣದಾಗಿ ಕುಸುರಿದರು.

ದಿಂಬು ಲಾವಾ ಗುರುತು ಹಿಡಿಯುವುದು ಹೇಗೆ? ಎಲ್ಲಿ ನೋಡಲಿ?

ಸುಮ್ನೆ ಗುಂಡಗಿದ್ದದ್ದೆಲ್ಲ ದಿಂಬಲ್ಲ. ಮೇಲೆ ಹೇಳಿದ ಉಳ್ಳಾಗಡ್ಡಿ ಕಲ್ಲೂ ಗುಂಡಗೇ ಇರುತ್ತದೆ, ಹೊಸಬರು ಮೋಸ ಹೋಗುವುದು ಇಲ್ಲೇ. ಉಳ್ಳಾಗಡ್ಡಿ ಕಲ್ಲಿನ ಸಿಪ್ಪೆ ಕೈಗೆ ಕಳಚಿ ಬರುತ್ತದೆ. ದಿಂಬಿನ ಅಂಚಿನಲ್ಲಿ ಬೇಗ ತಣ್ಣಗಾದ ನಯವಾದ ಪಟ್ಟಿ ಇರುತ್ತದೆ, ಅದು ಕಲ್ಲಿಗೇ ಅಂಟಿಕೊಂಡಿರುತ್ತದೆ. ಇನ್ನೊಂದು ಗುರುತು ಆಕಾರ. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಇದನ್ನು ನೋಡಿಯೇ ಆ ಪದರದ ಮೇಲು ಯಾವುದು, ಕೆಳಗು ಯಾವುದು ಎಂದು ಹೇಳುತ್ತಾರೆ. ಬೆಟ್ಟ ಮಡಚಿ ಬುಡಮೇಲಾಗಿದ್ದರೆ ಅದೂ ಗೊತ್ತಾಗುತ್ತದೆ.

ಮೊದಲ ಸಲ ನೋಡುವವರು ಚಿತ್ರದುರ್ಗ ಜಿಲ್ಲೆಯ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ದಿಂಬುಗಳು ಅಷ್ಟು ಸ್ಪಷ್ಟ. ಅಲ್ಲಿ ಕಣ್ಣು ಪಳಗಿದ ಮೇಲೆ ಗದಗಿನ ಕಡೆ ಹುಡುಕಿದರೆ ಸಿಗುತ್ತದೆ. ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ, ಅರಣ್ಯ ಇಲಾಖೆಯವರನ್ನು ಕೇಳಿ ಹೋಗಿ. ಸುತ್ತಿಗೆ ಮನೆಯಲ್ಲೇ ಇರಲಿ. ಮಳೆ ಬಿದ್ದ ಮರುದಿನ ಹೋದರೆ ಒಳ್ಳೆಯದು. ಧೂಳು ತೊಳೆದು, ಒದ್ದೆ ಕಲ್ಲಿನಲ್ಲಿ ಅಂಚಿನ ಪಟ್ಟಿ ಚೆನ್ನಾಗಿ ಎದ್ದು ಕಾಣುತ್ತದೆ.